‘ನಾ’ ಎಂಬ ಒಂದಕ್ಷರ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಸಾಕು, ಪಕ್ಕದ ಮನೆಯ ದೊಡ್ಡಮ್ಮ ಕಣ್ಣೆದುರು ಬಂದು ಕೂರುತ್ತಾಳೆ. ಆಂಧ್ರದ ಆದೋನಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ದಿನಕ್ಕೆ ಹತ್ತು ಸಲ ಆ ಹೊಗೆ ಕುಡಿಯಬೇಕು.

ದೊಡ್ಡಮ್ಮ ಸಿರುಗುಪ್ಪದ ಕಡೆಯಿಂದ ಮದುವೆಯಾಗಿ ಬಂದವಳು. ಓಣಿಗೆಲ್ಲ ರವಿಕೆ ಹೊಲಿದು ಕೊಡುತ್ತಿದ್ದಳು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಎರಡರಲ್ಲೂ ಅವಳಿಗೆ ಎದುರಾಡುವವರು ಹುಟ್ಟಿರಲಿಲ್ಲ. ನನ್ನನ್ನು ಕಂಡರೆ, “ಏನಲೇ ಮಂಗ್ಯಾ, ಇವತ್ತರ ಜಳಕ ಮಾಡಿದ್ಯೋ ಇಲ್ಲೋ?” ಎಂದು ಓಣಿಗೇ ಕೇಳುವಂತೆ ಕೂಗುತ್ತಿದ್ದಳು. ಅಂಥ ಬಾಯಿ ಲಕ್ವ ಹೊಡೆದು ಒಂದೇ ದಿನದಲ್ಲಿ ನಿಂತುಹೋಯಿತು. ಬಲಗೈಯೂ ಹೋಯಿತು. ಎಡಗೈಯಲ್ಲಿ ಪೆನ್ನು ಹಿಡಿದು ಬರೆಯಲು ಬರುತ್ತಿರಲಿಲ್ಲ. ಆದರೆ ಅವಳಿಗೆ ಏನೋ ಹೇಳಬೇಕಿತ್ತು... ಹತ್ತಿರ ಹೋದವರ ಬಟ್ಟೆ ಹಿಡಿದು ಬಾಯಿ ತೆರೆಯುತ್ತಿದ್ದಳು, ಮಾತು ಬಾರದೆ ಅಳುತ್ತಿದ್ದಳು.

ನಾನು ಒಂದು ಸಾಧನ ಮಾಡಿಕೊಟ್ಟೆ. ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡು, ಒಂದು ಜಾಯ್‌ಸ್ಟಿಕ್, ಎರಡು ಬಟನ್. ಒಂದೇ ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸೇರಿಸಿದರೆ ಅದೇ ಮೌಸು, ಅದೇ ಕೀಬೋರ್ಡು. ಜಾಯ್‌ಸ್ಟಿಕ್ಕಿನ ಕಡ್ಡಿ ತಳ್ಳಿದರೆ ಪರದೆಯ ಅಕ್ಷರಗಳ ಮೇಲೆ ಬಾಣ ಓಡುತ್ತಿತ್ತು. ಒಂದು ಬಟನ್ ಒತ್ತಿದರೆ ಅಕ್ಷರ ಮೂಡುತ್ತಿತ್ತು, ಇನ್ನೊಂದು ಅಳಿಸುತ್ತಿತ್ತು. ನಾನು ಓದಿದ್ದು ತೆಲುಗು ಶಾಲೆ. ಪರದೆಗೂ ತೆಲುಗು ಅಕ್ಷರಗಳನ್ನೇ ಹಾಕಿದೆ.

ಮೊದಲ ದಿನ ಅವಳು ‘ನಾ’ ಎಂದು ಬರೆದಳು. ಮುಂದೆ ಬಾಣ ಸುಮ್ಮನೆ ಅಲೆದಾಡಿತು... ತೆಲುಗಿನಲ್ಲಿ ‘ನಾ’ ಎಂದರೆ ‘ನನ್ನ’. “ತನ್ನದೇನೋ ಕೇಳಾಕತ್ತಾಳ” ಎಂದೆ. ಮನೆಯವರು ಅವಳ ಕನ್ನಡಕ ತಂದರು, ಬಳೆ ತಂದರು, ಕತ್ತರಿ ತಂದರು. ಎಲ್ಲಕ್ಕೂ ತಲೆ ಅಲ್ಲಾಡಿಸಿ ಅಳಿಸುವ ಬಟನ್ ಒತ್ತಿದಳು, ಒತ್ತುತ್ತಲೇ ಇದ್ದಳು. ನನಗೆ ಕಂಡದ್ದು ಬಟನ್ನಿನ ದೋಷ! ಒಮ್ಮೆ ಒತ್ತಿದ್ದು ನಾಲ್ಕು ಸಲ ಹೋಗುತ್ತಿದೆ ಎಂದು ಅಂಗಡಿಗೆ ಒಯ್ದು ಬಿಚ್ಚಿದೆ. ಬಟನ್ ಬದಲಿಸಿದೆ, ಪ್ರೋಗ್ರಾಂ ತಿದ್ದಿದೆ. ಹೀಗೇ ಮೂರು ಸಲ. ಥೂ, ನನ್ನ ಬುದ್ಧಿಗಿಷ್ಟು!

ಮೂರನೇ ಸಲ ಬಿಚ್ಚಿಟ್ಟಿದ್ದಾಗ ಅವಳಿಗೆ ಮತ್ತೆ ಲಕ್ವ ಹೊಡೆಯಿತು. ಎಡಗೈಯೂ ಬಿತ್ತು. ಸುದ್ದಿ ಕೇಳಿ ಅವಳ ತಂಗಿ ಸಿರುಗುಪ್ಪದಿಂದ ಬಂದಳು. ಅಕ್ಕ ಏನು ಬರೆದಿದ್ದಳೆಂದು ಕೇಳಿದಳು. ‘ನಾ’ ಅಂತ ಅಷ್ಟೇ ಎಂದು ಪರದೆಯ ತೆಲುಗು ಅಕ್ಷರಗಳನ್ನು ತೋರಿಸಿದೆ.

“ತಮ್ಮಾ, ಅಕ್ಕಗ ತೆಲುಗು ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ನಾವು ಕಲ್ತಿದ್ದು ಕನ್ನಡ ಸಾಲಿ. ಆಕಿ ‘ನಾ’ ಅಂತ ಬರದ್ರ, ನಾನು ಅಂತಪಾ...”

ಎರಡೂ ಲಿಪಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುವ ಅಕ್ಷರಗಳಲ್ಲಿ ಅದೂ ಒಂದು. ಗುರುತು ಸಿಕ್ಕ ಅದನ್ನು ಹಿಡಿದು ಮಾತು ಶುರು ಮಾಡಿದ್ದಳು, ಮುಂದೆ ಬೇಕಾದ ಅಕ್ಷರದ ರೂಪವೇ ಬೇರೆಯಾಗಿದ್ದರಿಂದ ಸಿಗದೆ ಹುಡುಕಿದ್ದಳು. ಮನೆಯವರಿಗೂ ಹೊಳೆದಿರಲಿಲ್ಲ, ಹೊಲಿಗೆ ಬಿಟ್ಟು ಅವಳು ಓದುತ್ತಾ ಕೂತದ್ದನ್ನು ಯಾರು ಕಂಡಿದ್ದರು?

ತೆಲುಗು ತೆಗೆದು ಕನ್ನಡ ಹಾಕಿದೆ. ಎರಡು ನಿಮಿಷದ ಕೆಲಸ. ನಾನೇ ಬಾಣ ಓಡಿಸುತ್ತ, “ಬೇಕಾದ ಅಕ್ಷರ ಬಂದ್ರ ಕಣ್ಣು ಮುಚ್ಚು ದೊಡ್ಡಮ್ಮಾ” ಎಂದೆ. ಪರದೆಯನ್ನು ಬಹಳ ಹೊತ್ತು ನೋಡಿದಳು. ಕಣ್ಣಿಂದ ನೀರಿಳಿಯಿತು. ಆಮೇಲೆ ಕಣ್ಣು ಮುಚ್ಚಿದವಳು ಎಷ್ಟು ಕರೆದರೂ ತೆರೆಯಲಿಲ್ಲ. ಸಾಕಾಗಿತ್ತು ಅವಳಿಗೆ. ನಾಲ್ಕನೇ ದಿನ ಹೋಗಿಬಿಟ್ಟಳು.

ಈಗ ನಾನು ಕನ್ನಡ ಓದಲು, ಬರೆಯಲು ಕಲಿತಿದ್ದೇನೆ. ಏನು ಬಂತು? ಅವಳ ಮನೆಯವರು, “ನೀ ಎಷ್ಟು ಕಷ್ಟಪಟ್ಟಿ ಪಾಪ” ಎನ್ನುತ್ತಾರೆ. ಯಾವ ಅಕ್ಷರ ಹಾಕಲಿ, ಕನ್ನಡವೋ ತೆಲುಗೋ ಎಂದು ಮೊದಲ ದಿನ ಕೇಳಿದ್ದರೆ, ಬರೀ ತಲೆ ಅಲ್ಲಾಡಿಸಿ ಹೇಳುತ್ತಿದ್ದಳು. ನಾನು ಕೇಳಲಿಲ್ಲ.