ಕಲ್ ಎಂದರೆ ನಾಳೆ

ತೊಂಬತ್ತರ ದಶಕದಲ್ಲಿ, ಭಾನುವಾರ ಬೆಳಿಗ್ಗೆ ಆ ಮಾಯಾಲೋಕದ ಧಾರಾವಾಹಿ ಶುರುವಾಯಿತೆಂದರೆ ಹೆಡತಲೆ ಊರಿನ ನಮ್ಮ ಬೀದಿಯಲ್ಲಿ ನಾಯಿಗಳನ್ನು ಬಿಟ್ಟು ಯಾರೂ ಕಾಣುತ್ತಿರಲಿಲ್ಲ. ಬೀದಿಗೆಲ್ಲ ನಮ್ಮದೊಂದೇ ಕಪ್ಪು ಬಿಳುಪು ಟಿ.ವಿ. ಜನ ಹಾಲು ಕರೆದು, ಮಿಂದು, ವಿಭೂತಿ ಇಟ್ಟುಕೊಂಡೇ ಬಂದು ನಡುಮನೆಯಲ್ಲಿ ಜಾಗ ಹಿಡಿಯುತ್ತಿದ್ದರು. ಹೆಂಗಸರು ದರ್ಜಿಯ ಹತ್ತಿರ ಧಾರಾವಾಹಿಯ ರಾಣಿಯಂಥ ತೋಳಿನ ರವಿಕೆ ಕೇಳತೊಡಗಿದರು. ಬೈಗುಳವೂ ಬದಲಾಯಿತು. ನಲ್ಲಿಯ ಮುಂದೆ ಜಗಳವಾದರೆ "ಓಗೇ, ಮಾಟಗಾತಿ ರಾಣಿ ಬಂದ್ಬುಟ್ಲು" ಎನ್ನುತ್ತಿದ್ದರು.

ಧಾರಾವಾಹಿ ಹಿಂದಿಯದು. ನಮ್ಮೂರಿಗೆ ಹಿಂದಿ ಎಲ್ಲಿಂದ ಬರಬೇಕು? ಶಾಲೆಯಲ್ಲಿ ನನಗೆ ಹಿಂದಿ ಪಾಠ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಅಷ್ಟಕ್ಕೇ ನಾನು ಬೀದಿಯ ಪಂಡಿತೆ. ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಹತ್ತರಲ್ಲಿ ಎರಡು ಮಾತು ತಿಳಿದರೆ ಮಿಕ್ಕ ಎಂಟನ್ನು ನಾನೇ ಹೊಸೆಯುತ್ತಿದ್ದೆ.

ಒಂದು ಭಾನುವಾರ ರಾಣಿ ತನ್ನ ಮಗಳನ್ನು ಗವಿಯೊಂದರ ಬಾಗಿಲಲ್ಲಿ ಬಿಟ್ಟು, ಅಳುತ್ತ "ಕಲ್ ಆವೂಂಗೀ" ಎಂದಳು. ಅಷ್ಟರಲ್ಲಿ ಆ ವಾರದ ಕಂತು ಮುಗಿದು, ಹುಡುಗಿಯ ಮುಖ ತೆರೆಯ ಮೇಲೆ ಅಲುಗಾಡದೆ ನಿಂತುಬಿಟ್ಟಿತು.

ಅಜ್ಜಿ ನನ್ನ ರಟ್ಟೆ ಹಿಡಿದಳು. "ಕಲ್ಲಾಗು ಅಂದ್ಲಾ ಅವ್ಳು?"

ನನಗೆ ಕಲ್ ಎಂಬ ಮಾತಿನ ಅರ್ಥ ಮರೆತುಹೋಗಿತ್ತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. "ಊಂ ಅಜ್ಜಿ. ಶಾಪ ಕೊಟ್ಲು. ನೋಡು, ಕಲ್ಲಾದ್ಲು," ಎಂದೆ.

ಅಜ್ಜಿ ಆ ದಿನ ಊಟ ಮುಟ್ಟಲಿಲ್ಲ. ಅವಳಿಗೊಬ್ಬ ಮಗಳಿದ್ದಳು, ನನ್ನ ಸೋದರತ್ತೆ. ನಾನು ಹುಟ್ಟುವ ಮೊದಲೇ ಮನೆಯವರ ಮಾತು ಮೀರಿ ಮದುವೆಯಾಗಿ ಹೆಮ್ಮಿಗೆಗೆ ಹೋದವಳು. ಅವಳ ಸುದ್ದಿ ಎತ್ತಿದರೆ ಅಜ್ಜಿ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಆ ಸಂಜೆ ತಾನಾಗಿಯೇ ಅಪ್ಪನ ಹತ್ತಿರ ಬಾಯಿಬಿಟ್ಟಳು.

"ಮದ್ವೆ ಆಗ್ಬಂದು ಬಾಗ್ಲಲ್ಲಿ ನಿಂತಿದ್ಲು ಕಣಪ್ಪ. ಕಲ್ಲಾಗೋಗು ಅಂದ್ಬುಟ್ಟಿದ್ದೆ. ಎತ್ತವ್ವನ ಬಾಯಿ ಕಣಪ್ಪ. ತಟ್ಟದೆ ಇದ್ದದಾ?"

ಅದು ಬರೀ ಟಿ.ವಿ. ಎಂದು ಅಪ್ಪ ಹೇಳಬಹುದಿತ್ತು. ಬದಲಿಗೆ ಬಸ್ಸಿನ ದುಡ್ಡು ಎಣಿಸಿ ಅಜ್ಜಿಯ ಮುಂದಿಟ್ಟ. ತಂಗಿಯನ್ನು ನೋಡುವ ಆಸೆ ಅವನಿಗೂ ಇದ್ದಿರಬೇಕು ಎಂದು ಈಗ ಅನ್ನಿಸುತ್ತದೆ.

ಮಾರನೆಯ ದಿನ ಅಜ್ಜಿ ಅಕ್ಕಿ, ಬೆಲ್ಲ, ಕೊಬ್ಬರಿ ಗಂಟು ಕಟ್ಟಿದಳು. ತವರಿನಿಂದ ಮಗಳಿಗೆ ಕೊಡುವ ಮಡಿಲಕ್ಕಿ ಅದು; ಅತ್ತೆಗೆ ಯಾರೂ ಕೊಟ್ಟಿರಲಿಲ್ಲ. ನನ್ನನ್ನೂ ಕರೆದುಕೊಂಡು ನಂಜನಗೂಡು, ನರಸೀಪುರ ಎಂದು ಬಸ್ಸು ಬದಲಿಸುತ್ತ ಹೊರಟಳು. ದಾರಿಯುದ್ದಕ್ಕೂ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ.

ಅತ್ತೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅಜ್ಜಿಯನ್ನು ಕಂಡವಳೇ ಮೊರ ಹಿಡಿದು ಹಾಗೇ ನಿಂತುಬಿಟ್ಟಳು. ಅಜ್ಜಿ ಓಡಿಹೋಗಿ ಅವಳ ಕೈ, ತೋಳು, ಕೆನ್ನೆ ಒತ್ತಿ ಒತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಬೆಚ್ಗವ್ಳೆ ಕಣವ್ವ," ಎಂದು ಅತ್ತಳು.

ಅಜ್ಜಿ ಅಲ್ಲಿ ಹದಿನೈದು ದಿನ ಉಳಿದಳು. ಎರಡು ದಿನ ಬಿಟ್ಟು ಅಪ್ಪನೂ ಅಲ್ಲಿಗೆ ಬಂದ; ನಾನು ಅವನ ಜೊತೆ ವಾಪಸು ಬಂದೆ. ಮುಂದಿನ ಭಾನುವಾರ ಟಿ.ವಿ.ಯ ಹುಡುಗಿ ಗವಿಯ ಮುಂದೆ ಆರಾಮಾಗಿ ಓಡಾಡುತ್ತಿದ್ದಳು! "ಶಾಪ ವಿಮೋಚನೆ ಆಯ್ತು" ಎಂದೆ. ಬೀದಿ ನಂಬಿತು. ಆ ವಾರವೇ ಮೇಷ್ಟರು ಕಲ್ ಎಂದರೆ ನಿನ್ನೆ, ನಾಳೆ ಎರಡೂ ಹೌದು ಎಂದು ಬೋರ್ಡಿನ ಮೇಲೆ ಮತ್ತೆ ಬರೆದರು. ನಾನು ತಲೆ ಎತ್ತಲಿಲ್ಲ.

ಎರಡು ಸಾವಿರದ ನಂತರ ಮನೆಗೆ ಕೇಬಲ್ ಬಂತು. ಯಾವುದೋ ಚಾನೆಲ್ಲಿನಲ್ಲಿ ಮಧ್ಯಾಹ್ನ ಅದೇ ಧಾರಾವಾಹಿ. ಅದೇ ಗವಿ, ಅದೇ ರಾಣಿ. ಅತ್ತೆ ಹಬ್ಬಕ್ಕೆ ಬಂದಿದ್ದಳು, ಒಳಗೆ ಒಬ್ಬಟ್ಟು ತಟ್ಟುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಜ್ಜಿ, ನಾನವತ್ತು ತಪ್ಪು ಹೇಳ್ದೆ. ಅವಳು ನಾಳೆ ಬತ್ತೀನಿ ಅಂದಿದ್ದು ಅಷ್ಟೆ."

ನನ್ನ ತಪ್ಪಿನಿಂದ ಒಳ್ಳೆಯದೇ ಆಯಿತಲ್ಲ, ಅಜ್ಜಿ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಟಿ.ವಿ.ಯನ್ನೇ ನೋಡುತ್ತ ಕುಳಿತಳು.

"ಶಾಪ ಆಕ್ಲೇ ಇಲ್ವಾ ಅವ್ಳು?"

"ಇಲ್ಲ ಅಜ್ಜಿ."

ಅಜ್ಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಂಗಾರೆ, ಎತ್ತ ಮಗೀಗೆ ಅಂಗಂದೋಳು ನಾನೊಬ್ಳೇ."