ಮುಬೀನಾ ಕೂಗದ ಕೂಗು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವ ಕಡೆ, ಜಾಕಿರ್ ಅವರ ಪಂಕ್ಚರ್ ಅಂಗಡಿ ಇದೆ. ಹಗಲಲ್ಲಿ ಅಲ್ಲಿಗೆ ಹೋದರೆ ಹಳೆಯ ಟೈರುಗಳ ನಡುವೆ ಎತ್ತರದ ಹುಡುಗಿಯೊಬ್ಬಳು ನೀರಿನ ತೊಟ್ಟಿಯಲ್ಲಿ ಟ್ಯೂಬ್ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಿರುತ್ತಾಳೆ. ಅವಳು ಜಾಕಿರ್ ಅವರ ಮಗಳು ಮುಬೀನಾ. ವಯಸ್ಸು ಇಪ್ಪತ್ತೆರಡು. ಹೋದ ವರ್ಷ ಬಿ.ಎ. ಮುಗಿಸಿದಳು. ಮೂರು ವರ್ಷ ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್. ಕೊನೆಯ ವರ್ಷ ಆಡಿದ ಐದು ಪಂದ್ಯಗಳಲ್ಲಿ ಅವಳನ್ನು ದಾಟಿ ಒಳಗೆ ಹೋದದ್ದು ಎರಡೇ ಚೆಂಡು. ಎರಡನೆಯದು ಅವಳ ತಪ್ಪಿನಿಂದ ಹೋಯಿತೆಂದು ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ.

ಅವಳು ಗೋಲಿನ ಮುಂದೆ ನಿಂತದ್ದು ಬೇರೆ ಯಾರೂ ನಿಲ್ಲಲಿಲ್ಲ ಎನ್ನುವ ಕಾರಣಕ್ಕೆ. ಮೊದಲ ವರ್ಷ ದೈಹಿಕ ಶಿಕ್ಷಣದ ಯೋಗೇಶ್ ಸಾರ್ ನೋಟಿಸ್ ಹಾಕಿದಾಗ ಹದಿನಾಲ್ಕು ಜನ ಸೇರಿದ್ದರು. ಎಲ್ಲರಿಗೂ ಗೋಲು ಹೊಡೆಯುವ ಆಸೆ.

"ಚೆಂಡು ಬಡಿದು ಮೂಗು ಸೊಟ್ಟಗಾದ್ರೆ ನನ್ನ ಯಾರು ಮದ್ವೆ ಆಗ್ತಾರೆ ಸಾರ್?" ಅಂದಳು ಪುಷ್ಪಾ.

"ಈಗೇನು ನೆಟ್ಟಗಿದ್ಯಾ?" ಅಂದಳು ಪಕ್ಕದಲ್ಲಿದ್ದ ರೂಹಿ.

ನಗು ನಿಲ್ಲುವ ಮೊದಲೇ ಮುಬೀನಾ ಹೋಗಿ ಎರಡು ಕಂಬಗಳ ನಡುವೆ ನಿಂತಿದ್ದಳು. ಎಂಟು ವರ್ಷದಿಂದಲೂ ಲಾರಿ ಮೇಲಿಂದ ಡ್ರೈವರ್‌ಗಳು ಎಸೆಯುವ ಟ್ಯೂಬುಗಳನ್ನು ಹಿಡಿದವಳು ಅವಳು. ಮೇಲಿಂದ ಬರುವ ವಸ್ತುವಿಗೆ ಹೆದರಿ ಕಣ್ಣು ಮುಚ್ಚುವುದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದ ಇನ್ನೊಂದು ಸಂಗತಿ ಕೂಗುವುದು. ಗೋಲ್‌ಕೀಪರ್ ಕೂಗಬೇಕು. ಇಡೀ ಮೈದಾನ ಅವಳ ಮುಂದಿರುತ್ತದೆ. ಮುಂದಿರುವವರಿಗೆ ತಮ್ಮ ಬೆನ್ನ ಹಿಂದೆ ಯಾರಿದ್ದಾರೆಂದು ತಿಳಿಯುವುದು ಅವಳ ಬಾಯಿಂದಲೇ. ಮುಬೀನಾಳ ದನಿಯೋ, ಪಕ್ಕದ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಅವಳಿಗೆ ಕೂಗಲು ಕಲಿಸಿದವಳು ಪುಷ್ಪಾ. ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೆ ಪುಷ್ಪಾ ಮೈದಾನದ ಆ ತುದಿಗೆ ಹೋಗಿ ನಿಲ್ಲುತ್ತಿದ್ದಳು.

"ಗಂಟಲಿಂದ ಅಲ್ಲ ಕಣೇ, ಹೊಟ್ಟೆಯಿಂದ! ನಮ್ಮಮ್ಮ ನನ್ನ ಊಟಕ್ಕೆ ಕರಿಯೋ ತರ!"

ಪುಷ್ಪಾ ಕೂಗಿ ತೋರಿಸುವುದು, ಮುಬೀನಾ ಹಾಗೇ ಕೂಗುವುದು. ಮೂರು ತಿಂಗಳಲ್ಲಿ ಕೂಗು ಬಂತು. ಅದು ಪುಷ್ಪಾಳದೇ ಕೂಗು. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಒಡಕು. ಮೈದಾನದ ಪಕ್ಕದ ಟೀ ಅಂಗಡಿಯ ಹಾಲಸ್ವಾಮಿ, "ನಿಮ್ಮಿಬ್ಬರಲ್ಲಿ ಯಾರು ಅರಚ್ತಿದೀರ ಅಂತ ತಿರುಗಿ ನೋಡಿದ್ರೇ ಗೊತ್ತಾಗೋದು" ಎಂದು ನಗುತ್ತಿದ್ದ.

ಏನು ಕೂಗಬೇಕು ಎನ್ನುವುದನ್ನೂ ಇಬ್ಬರೇ ಕೂತು ಮಾಡಿದರು. ತಂಡದ ಅರ್ಧಕ್ಕರ್ಧ ಹುಡುಗಿಯರ ಅಪ್ಪಂದಿರು ಒಂದು ಕಾಲಕ್ಕೆ ಊರಿನ ಕಾರ್ಖಾನೆಯಲ್ಲಿದ್ದವರು. ಜಾಕಿರ್ ಅಲ್ಲಿ ಗುತ್ತಿಗೆ ಕೆಲಸಗಾರ. ಪುಷ್ಪಾಳ ಅಪ್ಪ ಜಯಪ್ಪ ಫಿಟರ್. ಕಾರ್ಖಾನೆ ನಿಂತುಹೋಗಿದ್ದರೂ ಆ ಮನೆಗಳ ಮಾತಿನಲ್ಲಿ ಶಿಫ್ಟುಗಳು ಉಳಿದಿದ್ದವು. ಹಾಗಾಗಿ ಎಡಗಡೆಯಿಂದ ಎದುರಾಳಿ ಬಂದರೆ 'ಫಸ್ಟ್'. ಬಲಗಡೆಯಿಂದ ಬಂದರೆ 'ಸೆಕೆಂಡ್'. ಎಲ್ಲರೂ ಹಿಂದೆ ಬರಬೇಕಾದರೆ 'ಜನರಲ್'. ಇನ್ನು 'ನೈಟ್' ಅಂದರೆ, ನಾನು ಗೋಲು ಬಿಟ್ಟು ಮುಂದೆ ಬರುತ್ತಿದ್ದೇನೆ, ಚೆಂಡು ನನ್ನದು, ಯಾರೂ ಮುಟ್ಟಬೇಡಿ ಎಂದು. ರಾತ್ರಿ ಪಾಳಿಗೆ ಹೊರಟ ಅಪ್ಪನನ್ನು ಬಾಗಿಲಲ್ಲಿ ಯಾರೂ ಅಡ್ಡ ನಿಂತು ಮಾತಾಡಿಸಬಾರದು ಎನ್ನುವುದು ಆ ಮನೆಗಳಲ್ಲೆಲ್ಲ ಇದ್ದ ಕಟ್ಟುನಿಟ್ಟು. ಅದಕ್ಕೇ ಆ ಪದ. ಬೇರೆ ಊರಿನ ತಂಡಗಳು ಇದನ್ನು ಕೇಳಿ ತಲೆ ಕೆರೆದುಕೊಳ್ಳುತ್ತಿದ್ದವು.

ಅಭ್ಯಾಸ ಮುಗಿಸಿ ಇಬ್ಬರೂ ಹೋಗುತ್ತಿದ್ದದ್ದು ಪುಷ್ಪಾಳ ಮನೆಗೆ. ಅವಳ ಅಮ್ಮ ಪದ್ಮಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಮನೆಗೆ ಬಂದ ಮೇಲೂ ಅವರ ಕೈ ಇಬ್ಬರಿಗೆ ಅಂತ ಅಳತೆ ಮಾಡುತ್ತಿರಲಿಲ್ಲ. "ತಿನ್ನು ಮಗಳೇ, ಗೋಲಿಗೆ ಅಡ್ಡ ನಿಲ್ಲೋಳು ಅಡ್ಡಡ್ಡ ಬೆಳೀಬೇಕು" ಎಂದು ಮುಬೀನಾಳ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದರು.

ಎರಡನೇ ವರ್ಷ ಮುಗಿದ ಮೇಲೆ ಪುಷ್ಪಾಳಿಗೆ ಶಿವಮೊಗ್ಗದ ಒಂದು ಕಾಲೇಜಿನಿಂದ ಕರೆ ಬಂತು. ಆಡುವವರಿಗೆ ಹಾಸ್ಟೆಲ್, ಊಟ, ಬೂಟು ಎಲ್ಲ ಅವರದೇ. ಜಯಪ್ಪ ಆಗ ಒಂದು ಛತ್ರದಲ್ಲಿ ಕಾವಲು ಕೆಲಸಕ್ಕಿದ್ದರು. ಬೇಡ ಎನ್ನುವ ಹಾಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪುಷ್ಪಾ ಅತ್ತಳು.

"ಹೋಗು ಮಾರಾಯ್ತಿ," ಅಂದಳು ಮುಬೀನಾ. "ಅಲ್ಲಿ ಬೂಟು ಕೊಡ್ತಾರೆ. ನಮ್ಮ ಯೋಗೇಶ್ ಸಾರ್ ಬೈಗುಳ ಬಿಟ್ಟು ಏನು ಕೊಡ್ತಾರೆ?"

ಆ ವರ್ಷದ ಮೊದಲ ಅಭ್ಯಾಸದ ದಿನವೇ ಡಿಫೆನ್ಸಿನಲ್ಲಿ ಆಡುವ ರೂಹಿ ಮಾತು ಎತ್ತಿದಳು. "ಪದಗಳನ್ನ ಬದಲಾಯಿಸೋಣ ಕಣೇ. ಅವಳಿಗೆ ಎಲ್ಲಾ ಗೊತ್ತು. ಅವರ ಮೇಲೇ ಆಡೋದು ಬಂದ್ರೆ?"

"ಬಂದ್ರೆ ಬರ್ಲಿ. ಕೇಳಿಸ್ಕೊಂಡು ಏನು ಮಾಡ್ತಾಳೆ? ನಾವು ಪದ ಬದಲಾಯಿಸಿದ್ವಿ ಅಂತ ಗೊತ್ತಾದ್ರೆ ಅವಳಿಗೆ ಹೇಗಾಗಬೇಡ?"

"ಆಗ್ಲಿ ಬಿಡೇ."

"ನಕ್ಕೋ ರೂಹಿ, ಬೇಡ. ಅವಳು ನಮ್ಮೋಳು."

ಪದಗಳು ಹಾಗೇ ಉಳಿದವು.

ಆ ವರ್ಷ ತಂಡ ಚೆನ್ನಾಗಿ ಆಡಿತು. ಸಾಗರದವರ ಮೇಲೆ ಎರಡು ಗೋಲು. ಕುಂಸಿ ಕಡೆಯ ಹುಡುಗಿಯರೇ ತುಂಬಿದ್ದ ಇನ್ನೊಂದು ತಂಡದ ಮೇಲೆ ಮಳೆಯಲ್ಲಿ ಒಂದು ಗೋಲಿನ ಗೆಲುವು. ತೀರ್ಥಹಳ್ಳಿಯಲ್ಲಿ ಮುಬೀನಾ ಪೆನಾಲ್ಟಿಯೊಂದನ್ನು ಹಿಡಿದಳು; ವಾಪಸ್ ಬರುವಾಗ ಬಸ್ಸಿನ ಕಂಡಕ್ಟರ್ ಅವಳಿಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಸೆಮಿಫೈನಲಿನಲ್ಲಿ ಒಂದು ಗೋಲು ಹೋಯಿತು, ಇವರು ಮೂರು ಹಾಕಿದರು. ಫೈನಲ್ ಶಿವಮೊಗ್ಗದಲ್ಲಿ, ಪುಷ್ಪಾಳ ಕಾಲೇಜಿನ ಮೇಲೆ.

ಫೈನಲಿಗಿಂತ ದೊಡ್ಡದೊಂದು ಆಸೆ ಮುಬೀನಾಳಿಗಿತ್ತು. ವಿಶ್ವವಿದ್ಯಾಲಯದ ತಂಡವನ್ನು ಆ ಪಂದ್ಯ ನೋಡಿಯೇ ಆರಿಸುವವರಿದ್ದರು. ಗೋಲ್‌ಕೀಪರ್ ಜಾಗ ಒಂದು ಆಗಲೇ ಬೇರೆ ಜಿಲ್ಲೆಯವಳಿಗೆ ಹೋಗಿತ್ತು, ಒಂದು ಉಳಿದಿತ್ತು. ಆ ತಂಡದಲ್ಲಿ ಆಡಿದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಬಿ.ಪಿ.ಎಡ್. ಸೀಟು ಸಿಗುತ್ತಿತ್ತು. ಶಾಲೆಯ ಮಕ್ಕಳಿಗೆ ಆಟ ಕಲಿಸುವ ಟೀಚರ್ ಆಗಬೇಕೆಂದು ಅವಳು ಮನೆಯಲ್ಲಿ ಹೇಳಿಯೂ ಆಗಿತ್ತು. "ಸೀಟಿ ಊದೋ ಕೆಲಸಕ್ಕೂ ಓದ್ಬೇಕಾ?" ಎಂದು ಅವಳ ಅಮ್ಮಿ ಖೈರುನ್ನೀಸಾ ನಕ್ಕಿದ್ದರು. ಆಮೇಲೆ ತಾವೇ ಕೂತು ಮಗಳ ಹಳೆಯ ಗ್ಲೌಸುಗಳ ಬೆರಳಿಗೆ ಹೊಲಿಗೆ ಹಾಕಿಕೊಟ್ಟಿದ್ದರು.

ಶನಿವಾರ ಮಧ್ಯಾಹ್ನ ಪಂದ್ಯ. ಪುಷ್ಪಾ ಹೊಸ ಬೂಟು ಹಾಕಿಕೊಂಡು ಬಂದು ಮುಬೀನಾಳ ಕೈ ಕುಲುಕಿದಳು. "ಮೂಗು ಸೊಟ್ಟ ಮಾಡ್ತೀನಿ ನೋಡು ಇವತ್ತು" ಅಂದಳು. ಇಬ್ಬರೂ ನಕ್ಕರು.

ಎಂಬತ್ತನಾಲ್ಕು ನಿಮಿಷ ಗೋಲಿರಲಿಲ್ಲ. ಪುಷ್ಪಾ ಹೊಡೆದ ಎರಡು ಒಳ್ಳೆಯ ಚೆಂಡುಗಳನ್ನು ಮುಬೀನಾ ಹಿಡಿದಿದ್ದಳು. ಆಯ್ಕೆಗಾರರಲ್ಲಿ ಒಬ್ಬರು ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡದ್ದನ್ನು ಯೋಗೇಶ್ ಸಾರ್ ಕಂಡರು. ಆಗ ನಡುಮೈದಾನದಿಂದ ಒಂದು ಎತ್ತರದ ಚೆಂಡು ಬಂತು. ಕಷ್ಟದ್ದಲ್ಲ. ರೂಹಿ ಅದರ ಕೆಳಗೇ ಇದ್ದಳು. ಒದ್ದು ಆಚೆ ಹಾಕಲು ಕಾಲೆತ್ತಿದ್ದಳು. ಮುಬೀನಾ ಗೋಲಿನಲ್ಲೇ ನಿಂತಿದ್ದಳು. ಮುಂದೆ ಬರುವ ಅಗತ್ಯವಿರಲಿಲ್ಲ.

"ನೈಟ್!"

ಎಳೆದ ಕೂಗು, ಕೊನೆಯಲ್ಲಿ ಸಣ್ಣ ಒಡಕು. ರೂಹಿ ಕಾಲು ಕೆಳಗಿಳಿಸಿ ಪಕ್ಕಕ್ಕೆ ಸರಿದಳು. ಮೂರು ವರ್ಷದ ಅಭ್ಯಾಸ ಅದು, ಯೋಚನೆಗೆ ಎಡೆಯಿರಲಿಲ್ಲ. ಇನ್ನೊಬ್ಬ ಡಿಫೆಂಡರೂ ಸರಿದಳು. ಚೆಂಡು ನೆಲಕ್ಕೆ ಬಿದ್ದು, ಪುಟಿದು, ಯಾರೂ ಇಲ್ಲದ ಜಾಗದಲ್ಲಿ ಉರುಳಿತು. ಮುಬೀನಾಳಿಗೆ ಅರ್ಥವಾಗಿ ಓಡಿ ಬರುವಷ್ಟರಲ್ಲಿ ಶಿವಮೊಗ್ಗದ ಹುಡುಗಿಯೊಬ್ಬಳು ಅದನ್ನು ಅವಳ ಪಕ್ಕದಿಂದ ತಳ್ಳಿಬಿಟ್ಟಳು.

"ಬರ್ತೀನಿ ಅಂತ ಕೂಗಿ ಅಲ್ಲೇ ನಿಂತ್ಯಲ್ಲೇ!" ರೂಹಿ ಅವಳ ಅಂಗಿ ಹಿಡಿದಳು.

"ನಾನು ಬಾಯೇ ಬಿಟ್ಟಿಲ್ಲ."

"ಮತ್ತೆ ನಮ್ಮ ಕಿವಿ ಸುಳ್ಳಾ?"

ಆ ಕಡೆ ಹುಡುಗಿಯರೆಲ್ಲ ಗೋಲು ಹೊಡೆದವಳ ಮೇಲೆ ಬಿದ್ದು ಕುಣಿಯುತ್ತಿದ್ದರು. ಪುಷ್ಪಾ ಮಾತ್ರ ಅಲ್ಲಿಗೆ ಹೋಗಿರಲಿಲ್ಲ. ರೂಹಿ ನಿಂತಿದ್ದ ಜಾಗದ ಎರಡು ಮಾರು ಹಿಂದೆ, ಒಂದು ಮಂಡಿಯೂರಿ ಕೂತು, ಗಟ್ಟಿಯಾಗೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಮುಬೀನಾ ಅವಳನ್ನೇ ನೋಡಿದಳು. ಪುಷ್ಪಾ ತಲೆ ಎತ್ತಲಿಲ್ಲ.

ರೆಫರಿಗೆ ಆ ಪದ ಏನೆಂದೇ ಗೊತ್ತಿರಲಿಲ್ಲ. ಒಂದು ಗೋಲಿಗೆ ಪಂದ್ಯ ಮುಗಿಯಿತು.

ಬಸ್ಸಿನಲ್ಲಿ ಮುಬೀನಾಳ ಪಕ್ಕ ಯಾರೂ ಕೂರಲಿಲ್ಲ. ಭದ್ರಾವತಿಯಲ್ಲಿ ಇಳಿದ ಮೇಲೆ ಅವಳು ಯೋಗೇಶ್ ಸಾರ್ ಹತ್ತಿರ ಹೋಗಿ ಹೇಳಿದಳು: "ಸಾರ್, ಕೂಗಿದ್ದು ಪುಷ್ಪಾ."

"ನೋಡಮ್ಮ, ನಾನೂ ಕೇಳಿಸ್ಕೊಂಡೆ. ನಿನ್ನ ದನಿನೇ ಅದು. ರೂಹಿನೂ ಅದನ್ನೇ ಹೇಳ್ತಾಳೆ. ಕೂಗಿ ಬರದೇ ಇರೋ ಕೀಪರನ್ನ ಆಯ್ಕೆಗಾರರು ತಗೊಳ್ಳಲ್ಲ." ಮತ್ತೆ ಏನೋ ಯೋಚಿಸಿ, "ಪಟ್ಟಿ ಹೋಗೋದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಪುಷ್ಪಾ ನನಗೆ ಒಂದು ಫೋನ್ ಮಾಡಿ ಹೌದು ಅಂದ್ರೆ, ನಾನೇ ಅವರ ಹತ್ರ ಮಾತಾಡ್ತೀನಿ" ಅಂದರು.

ಭಾನುವಾರ ಪುಷ್ಪಾ ಮನೆಗೆ ಬಂದಿದ್ದಾಳೆಂದು ಹಾಲಸ್ವಾಮಿ ಹೇಳಿದ. ಮುಬೀನಾ ಹೋದಾಗ ಅವಳು ಹಿತ್ತಲಲ್ಲಿ ಬೂಟು ಒರೆಸುತ್ತಿದ್ದಳು. ಒಳಗೆ ಪದ್ಮಮ್ಮ ಒಗ್ಗರಣೆಗೆ ಇಟ್ಟಿದ್ದರು.

"ಕೂಗಿದ್ದು ನೀನು."

ಪುಷ್ಪಾ ಅಲ್ಲಗಳೆಯಲಿಲ್ಲ. "ಬಾಯಿಗೆ ಬಂದ್ಬಿಡ್ತು ಕಣೇ. ಆರು ನಿಮಿಷ ಉಳಿದಿತ್ತು. ಗೆಲ್ಲದಿದ್ರೆ ಮುಂದಿನ ವರ್ಷ ಎಂ.ಎ.ಗೆ ಹಾಸ್ಟೆಲ್ ಕೊಡೋದ್ರ ಬಗ್ಗೆ ಏನೂ ಹೇಳಕ್ಕಾಗಲ್ಲ ಅಂದಿದ್ರು."

"ಸರಿ. ಯೋಗೇಶ್ ಸಾರ್‌ಗೆ ಒಂದು ಫೋನ್ ಮಾಡು. ಕೂಗಿದ್ದು ನಾನು ಅಂತ ಹೇಳು, ಸಾಕು. ಕಪ್ ನೀವೇ ಇಟ್ಕೊಳಿ."

"ಹೇಳಿದ್ರೆ ಪಟ್ಟಿಯಿಂದ ನನ್ನ ಹೆಸರು ತೆಗೀತಾರೆ."

"ಹೇಳದಿದ್ರೆ ನಂದು ಬರೋದೇ ಇಲ್ಲ."

"ಯೂನಿವರ್ಸಿಟಿ ಕ್ಯಾಂಪ್ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ. ನಿನ್ನಾಣೆ."

"ಆಮೇಲೆ ಹೇಳಿ ಏನು ಮಾಡ್ತೀಯ?"

ಪುಷ್ಪಾ ಬಟ್ಟೆಯಿಂದ ಬೂಟಿನ ಅಂಚನ್ನು ಒರೆಸುತ್ತಲೇ ಇದ್ದಳು.

ಪದ್ಮಮ್ಮ ಎರಡು ತಟ್ಟೆ ಅವಲಕ್ಕಿ ಹಿಡಿದುಕೊಂಡು ಬಂದರು. "ಏನು ಗುಸುಗುಸು ಇಬ್ಬರದೂ? ಮುಬೀನಾ, ಇವಳ ಹೆಸರು ಬರುತ್ತಂತೆ ಯೂನಿವರ್ಸಿಟಿಗೆ. ನಿಂದೂ ಇದ್ಯಲ್ಲ? ಇಬ್ಬರೂ ಒಟ್ಟಿಗೇ ಹೋಗಿ. ಚಕ್ಲಿ ಮಾಡಿಕೊಡ್ತೀನಿ, ಒಂದೇ ಡಬ್ಬಿ ಸಾಕಲ್ಲ?"

"ನನ್ನ ಹೆಸರಿಲ್ಲ ಆಂಟಿ."

"ಅಯ್ಯೋ! ಯಾಕೆ?"

ಮುಬೀನಾ ಪುಷ್ಪಾಳ ಕಡೆ ತಿರುಗಿದಳು. ಫೋನು ಮಾಡುವುದು ಕಷ್ಟ, ಸಾರ್ ಮುಂದೆ ಹೇಳುವುದು ಕಷ್ಟ, ಇರಬಹುದು. ಇದು ಅವಳ ಅಮ್ಮ, ಅವಳ ಹಿತ್ತಲು, ಬೇರೆ ಯಾರೂ ಇಲ್ಲ. ಇಲ್ಲಿ ಹೇಳಿದರೆ ಮುಂದಿನದು ತಾನಾಗಿ ಬರುತ್ತದೆ. ಮುಬೀನಾ ತಟ್ಟೆ ಹಿಡಿದುಕೊಂಡು ಕಾದಳು. ಪದ್ಮಮ್ಮ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದರು.

"ಕೂಗಿ ಮುಂದೆ ಬರ್ಲಿಲ್ಲಮ್ಮ ಅವಳು," ಅಂದಳು ಪುಷ್ಪಾ. "ಅದಕ್ಕೇ ಗೋಲಾಯ್ತು."

ಹಿತ್ತಲಾಚೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು.

"ಹೋಗ್ಲಿ ಬಿಡು ಮಗಳೇ," ಪದ್ಮಮ್ಮ ಮುಬೀನಾಳ ಬೆನ್ನು ಸವರಿದರು. "ಒಂದೊಂದ್ಸಲ ಕಾಲು ಏಳಲ್ಲ. ಇನ್ನೊಂದ್ಸಲ ಹಾಗೆ ಹೆದರ್ಕೋಬೇಡ."

ಆ ಮನೆಯಲ್ಲಿ ಎರಡು ವರ್ಷ ಉಂಡವಳು ಅವಳು. ಬೆನ್ನ ಮೇಲಿದ್ದ ಕೈಗೆ, ನಿಮ್ಮ ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದು ಹೇಳಲು ಅವಳಿಗೆ ಆಗಲಿಲ್ಲ.

"ಹೂಂ ಆಂಟಿ," ಅಂದಳು.

ತಟ್ಟೆಯನ್ನು ಮುಟ್ಟದೆ ಕಟ್ಟೆಯ ಮೇಲಿಟ್ಟು ಹೊರಟಳು. "ತಿನ್ನದೇ ಹೋಗ್ತಿದ್ಯಲ್ಲೇ!" ಎಂದು ಪದ್ಮಮ್ಮ ಹಿಂದಿನಿಂದ ಕರೆದರು. ಪುಷ್ಪಾ ಕರೆಯಲಿಲ್ಲ.

ಯೋಗೇಶ್ ಸಾರ್‌ಗೆ ಫೋನು ಬರಲಿಲ್ಲ. ಸೋಮವಾರ ಬೆಳಿಗ್ಗೆ ಮುಬೀನಾಳ ಹೆಸರಿಲ್ಲದೆ ಪಟ್ಟಿ ಹೋಯಿತು.