ಏಳು ಹನಿಯ ಸೇತುವೆ ಕಾಯುವ ಹಳ್ಳದಕ್ಕ

ಗಂಟೆ ಇನ್ನೂ ಆರಾಗಿಲ್ಲ. ರಾತ್ರಿಯ ಮಳೆಗೆ ಕಾಡಿನ ಹಳ್ಳ ಕೆಂಪಗೆ ಹರಿಯುತ್ತಿದೆ. ಹಳೆಯ ಕಲ್ಲಿನ ಸೇತುವೆಯ ಕಮಾನಿನಡಿ, ಮೊಣಕಾಲುದ್ದದ ನೀರಿನಲ್ಲಿ, ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಕತ್ತು ಮೇಲೆತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಡ್ಡಿ. ತುಟಿ ಅಲುಗುತ್ತಿದೆ.

“ಐದು... ಆರು... ಏಳನೆಯವನು ಎಲ್ಲಿ ಸತ್ತ?” ಎಂದು ಗದರುತ್ತಾ ಕಲ್ಲಿನ ಸಂದಿಗೆ ಕಡ್ಡಿ ತೂರಿಸುತ್ತಾರೆ. ಕೊಳೆತ ಎಲೆಯ ಚೂರೊಂದು ಕಿತ್ತು ಬರುತ್ತದೆ. ಹಿಂದೆಯೇ ಟಪ್ಪೆಂದು ಒಂದು ಹನಿ, ನೇರ ಅವರ ಮೂಗಿನ ಮೇಲೆ. “ಹಾಂ, ಬಂದ ನೋಡಿ ಸೋಮಾರಿ!”

ಮಳೆ ಬಿದ್ದ ಮರುದಿನ ಈ ಸೇತುವೆ ಏಳು ಕಡೆ ಹನಿಯಬೇಕು. ಮೇಲೆ ಬಿದ್ದ ನೀರು ಕಲ್ಲು ಮಣ್ಣುಗಳ ನಡುವೆ ಇಳಿದು ಹೊರಗೆ ಬಂತು ಎಂಬುದಕ್ಕೆ ಅದೇ ಗುರುತು. ಒಂದು ಕಡಿಮೆಯಾದರೂ ನೀರು ಒಳಗೇ ನಿಂತಿದೆ ಎಂದರ್ಥ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಹತ್ತೊಂಬತ್ತು ಮಳೆಗಾಲ ಅಲ್ಲೇ ನಿಂತು ಅವರೇ ಕಂಡುಕೊಂಡಿದ್ದು.

ಎಲ್ಲರ ಬಾಯಲ್ಲೂ ಅವರು ಹಳ್ಳದಕ್ಕ. ವಯಸ್ಸು ಐವತ್ತಾರು. ಈ ಕಣಿವೆಯ ಕಾಲುದಾರಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ದಾರಿ ಉದ್ದವೇನಲ್ಲ, ಹೋಗಿ ಬಂದರೆ ಆರು ಕಿಲೋಮೀಟರು. ಆದರೆ ಅಷ್ಟರಲ್ಲೇ ಸೇತುವೆ, ಸುಣ್ಣ ಸುಡುತ್ತಿದ್ದ ಗೂಡು, ಮೆಟ್ಟಿಲು ಮುರಿದ ಕಾವಲು ಗೋಪುರ, ಕೊನೆಗೆ ಹಳ್ಳದ ನೀರಿನಿಂದಲೇ ತಿರುಗುತ್ತಿದ್ದ ಹಿಟ್ಟಿನ ಗಿರಣಿ. ದಾರಿಗಡ್ಡವಾದ ಇಪ್ಪತ್ತೆರಡು ಚರಂಡಿಗಳನ್ನು ದಿನವೂ ಕೆದಕಬೇಕು. ಬಿದ್ದ ಕೊಂಬೆ ಎಳೆಯಬೇಕು. ರಜಾದಿನ ಬರುವ ಎಂಬತ್ತು ತೊಂಬತ್ತು ಜನ ಬಿಟ್ಟುಹೋದ ಬಾಟಲಿ ಹೆಕ್ಕಬೇಕು. “ಗೋಪುರ ನೋಡೋಕೆ ಬರ್ತಾರೆ, ಗೋಪುರಕ್ಕೆ ಬೆನ್ನು ಹಾಕ್ಕೊಂಡು ಫೋಟೋ ತೆಗೀತಾರೆ. ಪಾಪ, ಅದಕ್ಕೆ ಬೇಜಾರಾಗಲ್ವಾ?” ಎಂದು ನಗುತ್ತಾರೆ.

ನಗದೆ ಹೇಳುವ ಮಾತು ಗಿರಣಿಯದು. ಅದರ ಹಿಂಗೋಡೆ ಇಲ್ಲ. ಪಕ್ಕದ ತಗಡಿನ ಚಪ್ಪರದಡಿ ನೂರ ಹದಿನಾಲ್ಕು ಕಲ್ಲುಗಳು ಸಾಲಾಗಿ ಕೂತಿವೆ, ಒಂದೊಂದರ ಮೇಲೂ ಒಂದೊಂದು ಸಂಖ್ಯೆ. ಬಿದ್ದ ಗೋಡೆಯ ಕಲ್ಲುಗಳನ್ನು ಹಳ್ಳದಿಂದ ಒಂದೊಂದಾಗಿ ಎತ್ತಿ, ಇಲಾಖೆಯ ಕಚೇರಿಯಲ್ಲಿ ತೂಗುಹಾಕಿರುವ ಹಳೆಯ ಫೋಟೋ ಜೊತೆ ಹೋಲಿಸಿ, ಅವರೇ ಜೋಡಿಸಿಟ್ಟಿದ್ದು. ಅದೂ ಕೆಲಸದ ಹೊತ್ತು ಮುಗಿದ ಮೇಲೆ. ಇದು ಅಕ್ಕನ ಕಲ್ಲಿನ ಹುಚ್ಚು ಎಂದೇ ಎಲ್ಲರೂ ತಿಳಿದಿದ್ದರು. ಅವರ ಯಜಮಾನರು ಟೈಲರ್. “ನನ್ನ ಅಂಗಡಿ ಸೀಮೆಸುಣ್ಣವೆಲ್ಲ ಆ ಕಲ್ಲುಗಳ ಮೈಮೇಲಿದೆ. ಅಳತೆ ತಗೊಂಡಿದ್ದಾಯ್ತು, ಇನ್ನು ಅಂಗಿ ಹೊಲಿಯೋದೊಂದು ಬಾಕಿ” ಎಂದು ಅವರು ರೇಗಿಸುತ್ತಿದ್ದರು.

ಹುಚ್ಚಿನ ಕಾರಣ ಹೊರಬಿದ್ದಿದ್ದು ಎರಡು ತಿಂಗಳ ಹಿಂದೆ. ಸೇತುವೆ ಪರೀಕ್ಷೆಗೆಂದು ಹೊಸ ಇಂಜಿನಿಯರ್ ಬರುತ್ತಾರೆ. ಅಕ್ಕನ ಮಗಳ ವಯಸ್ಸಿನ ಹುಡುಗಿ, ಮಾತು ಮೆತ್ತಗೆ, ಕೆಲಸ ಚುರುಕು. ಕಮಾನಿನಡಿ ಹನಿ ನೋಡಿದ್ದೇ ಪುಸ್ತಕ ತೆಗೆಯುತ್ತಾರೆ.

“ಏಳು ಕಡೆ ಸೋರ್ತಿದೆಯಲ್ಲ ಅಮ್ಮ. ಮಳೆ ಜೋರಾಗೋ ಮೊದಲು ಸಂದಿಗೆಲ್ಲ ಸಿಮೆಂಟ್ ತುಂಬಿಸಿಬಿಡೋಣ.”

“ಅದು ಸೋರೋದಲ್ಲ ಮೇಡಂ. ಕುಡಿದಿದ್ದನ್ನ ಹೊರಗೆ ಬಿಡ್ತಿದೆ. ಬಾಯಿ ಮುಚ್ಚಿದ್ರೆ ಹೊಟ್ಟೆ ಉಬ್ಬುತ್ತೆ.”

“ಹಾಗಂತ ಎಲ್ಲಿದೆ? ನನಗೆ ಆಧಾರ ಬೇಕಲ್ವಾ?”

ಆಧಾರ ಇತ್ತು. ಅರ್ಧ ಗಂಟೆ ನಡೆದರೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಆದರೆ ಅದನ್ನು ತೋರಿಸಿದರೆ ತಮ್ಮ ಕೆಲಸಕ್ಕೇ ಕುತ್ತು ಬರಬಹುದು. ವರ್ಷ ವರ್ಷ ಸಹಿ ಬಿದ್ದರೆ ಮಾತ್ರ ಮುಂದುವರಿಯುವ ಕೆಲಸ ಅವರದು. ಅಕ್ಕ ಕಡ್ಡಿಯನ್ನು ಕಮಾನಿನ ಕಲ್ಲಿಗೆ ಒರಗಿಸಿಡುತ್ತಾರೆ. ಆಮೇಲೆ “ಬನ್ನಿ” ಎಂದು ಗಿರಣಿಯ ಕಡೆ ಹೊರಡುತ್ತಾರೆ.

“ಈ ಗೋಡೆ ಮಳೆಗೆ ಬಿತ್ತು ಅಂತ ನಿಮ್ಮ ಫೈಲಲ್ಲಿದೆ. ಅದು ನಿಜ ಅಲ್ಲ ಮೇಡಂ. ಬೀಳಿಸಿದ್ದು ನಾನು.”

ಕೆಲಸಕ್ಕೆ ಸೇರಿದ ಮೊದಲ ವರ್ಷ. ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಒಳ್ಳೆಯ ಹೆಸರು ತಗೊಳ್ಳುವ ಉಮೇದಿನಲ್ಲಿ, ಯಾರನ್ನೂ ಕೇಳದೆ, ಮನೆಯಲ್ಲಿ ಉಳಿದಿದ್ದ ಅರ್ಧ ಚೀಲ ಸಿಮೆಂಟು ಹೊತ್ತು ತಂದು ಸಂದಿಗೆಲ್ಲ ಅವರೇ ಮೆತ್ತಿದ್ದರು. “ಗೋಡೆ ಎಷ್ಟು ಚೆಂದ ಕಾಣ್ತಿತ್ತು ಅಂದ್ರೆ, ಹೋಗ್ತಾ ಬರ್ತಾ ನಾನೇ ನಿಂತು ನೋಡ್ತಿದ್ದೆ.” ನೀರು ಒಳಗೇ ತುಂಬಿ, ಮಾರನೇ ವರ್ಷದ ಎರಡನೇ ಮಳೆಗೆ ಗೋಡೆ ಉಬ್ಬಿ ಹಳ್ಳಕ್ಕೆ ಮಗುಚಿತು. ನೋಡಲು ಬಂದವರು ಮಳೆ ಎಂದು ಬರೆದುಕೊಂಡು ಹೋದರು. ಅಕ್ಕ ತುಟಿ ಬಿಚ್ಚಲಿಲ್ಲ. ಮರುದಿನದಿಂದ ಕಲ್ಲು ಎತ್ತತೊಡಗಿದರು.

ನಲವತ್ತೊಂದನೇ ಕಲ್ಲಿನ ಅಂಚಿನಲ್ಲಿ ಆ ಸಿಮೆಂಟು ಈಗಲೂ ಅಂಟಿಕೊಂಡಿದೆ. ಇಂಜಿನಿಯರ್ ಬಗ್ಗಿ ಬೆರಳಾಡಿಸುತ್ತಾರೆ. “ಇದನ್ನ ಬರೆದ್ರೆ ನಿಮ್ಮ ವಿಷಯವೂ ಬರೀಬೇಕಾಗುತ್ತೆ ಅಮ್ಮ.”

“ಬರೀರಿ. ಒಂದು ಗೋಡೆ ನುಂಗಿದ್ದು ಸಾಲದೇ? ಸೇತುವೆನೂ ನುಂಗಲಾ?”

ಹದಿನೈದು ದಿನಕ್ಕೆ ಕಾಗದ ಬಂತು. ಸೇತುವೆಗೆ ಸಿಮೆಂಟು ಬೇಡ. ಸವೆದಲ್ಲಿ ಮಾತ್ರ ಸುಣ್ಣದ ಗಾರೆ, ಏಳು ಸಂದಿಗಳನ್ನು ಹಾಗೇ ಬಿಡುವುದು. ಗಿರಣಿಯ ಗೋಡೆಯನ್ನು ಬೇಸಿಗೆಯಲ್ಲಿ ಮತ್ತೆ ಕಟ್ಟುವುದು. ಕೊನೆಯ ಸಾಲು: ದಾರಿ ನೋಡಿಕೊಳ್ಳುವವರನ್ನು ಮುಂದುವರಿಸುವ ಬಗ್ಗೆ ನಂತರ ತಿಳಿಸಲಾಗುವುದು. ಆ ‘ನಂತರ’ ಇನ್ನೂ ಬಂದಿಲ್ಲ.

ಟೈಲರ್ ಯಜಮಾನರಿಗೆ ಬೇರೆಯೇ ಸಿಟ್ಟು. “ನಾನು ಒಂದು ಗುಂಡಿ ಸೊಟ್ಟ ಹೊಲಿದ್ರೆ ಬೀದಿಗೆಲ್ಲ ಹೇಳ್ತಾಳೆ. ಇವಳು ಒಂದು ಗೋಡೆ ಬೀಳಿಸಿ ಹದಿನೇಳು ವರ್ಷ ನನಗೂ ಹೇಳಿಲ್ಲ!” ಎನ್ನುತ್ತಲೇ ಹೊಸ ಸೀಮೆಸುಣ್ಣದ ಡಬ್ಬಿಯೊಂದನ್ನು ಹೆಂಡತಿಯ ಚೀಲಕ್ಕೆ ತುರುಕುತ್ತಾರೆ. ಈ ಮಳೆಗೆ ಸಂಖ್ಯೆಗಳು ಮಾಸಿವೆಯಂತೆ.

ಹೊತ್ತು ಏರಿದೆ. ಸೇತುವೆಯ ಏಳೂ ಹನಿ ತಾಳ ಹಿಡಿದಂತೆ ಬೀಳುತ್ತಿವೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದರೆ ಅಕ್ಕ ಕೈ ಕೊಡವುತ್ತಾರೆ. “ಇಟ್ಕೊಳ್ಳೋದು, ಬಿಡೋದು ಅವರಿಗೆ ಸೇರಿದ್ದು. ಗೋಡೆ ಕಟ್ಟೋ ದಿನ ಮಾತ್ರ ನನ್ನ ಕರೀಲಿ, ಅಷ್ಟು ಸಾಕು. ಯಾವ ಕಲ್ಲು ಯಾವುದರ ಪಕ್ಕ ಕೂತಿತ್ತು ಅಂತ ಫೋಟೋಗೂ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತು.”

ಮಾತು ಮುಗಿಸಿ ಗಿರಣಿಯ ಕೆಳಗಿನ ಮಡುವಿಗೆ ಇಳಿಯುತ್ತಾರೆ. ಕೆಂಪು ನೀರಿನಲ್ಲಿ ತಳ ಕಾಣದು, ಬೂಟಿನ ತುದಿಯಿಂದ ಮೆಲ್ಲಗೆ ತಡವುತ್ತಾರೆ.

“ಒಟ್ಟು ನೂರ ಹದಿನೇಳು. ಇನ್ನು ಮೂರು ಇಲ್ಲೇ ಎಲ್ಲೋ ಇವೆ. ಬೇಸಿಗೆ ಬರೋಕೆ ಇನ್ನೂ ಟೈಮಿದೆ.”